ಅಪ್ಡೇಟ್ ಒತ್ತುವ ಮುನ್ನ: ಮಾರ್ಪಡಿಸಿದ ಗೇಮ್ ಸೆಟ್ಟಿನ ಬ್ಯಾಕಪ್

ಗೇಮ್ ಸೆಟ್ಟಿಗೆ ಚಿಪ್ ಹಾಕಿಸಿದವರ, ಜೈಲ್‌ಬ್ರೇಕ್ ಮಾಡಿಸಿದವರ ಟಿವಿ ಪರದೆಯ ಮೇಲೆ ಒಂದಲ್ಲ ಒಂದು ದಿನ ಆ ಸೂಚನೆ ಮೂಡುತ್ತದೆ: ಹೊಸ ಸಿಸ್ಟಂ ಅಪ್ಡೇಟ್ ಬಂದಿದೆ, ಈಗ ಹಾಕಿಕೊಳ್ಳುತ್ತೀರಾ? ಮೊಬೈಲಿಗೆ ಇಂಥದ್ದು ಬಂದರೆ ಹೂಂ ಎಂದು ಒತ್ತಿ ಮಲಗಿಬಿಡುವುದು ನಮ್ಮ ರೂಢಿ. ಮಾರ್ಪಡಿಸಿದ ಗೇಮ್ ಸೆಟ್ಟಿನಲ್ಲೂ ಹಾಗೇ ಮಾಡಿದರೆ ಬೆಳಗ್ಗೆ ಎದ್ದಾಗ ಮಾಡಿಸಿದ ಮಾರ್ಪಾಟು ಅಳಿಸಿಹೋಗಿರಬಹುದು, ಇಲ್ಲವೇ ಸೆಟ್ಟೇ ಏಳದೆ ಬಿದ್ದಿರಬಹುದು. ‘ಅಣ್ಣಾ, ಅಪ್ಡೇಟ್ ಒತ್ತಿಬಿಟ್ಟೀನ್ರಿ, ಈಗ ಏನೂ ಬರವಲ್ದು’ ಎಂದು ಅಂಗಡಿಗೆ ಓಡಿಬರುವ ಹುಡುಗನಿಗೆ ಆಗ ಹೇಳಬಹುದಾದದ್ದು ಬಹಳ ಕಡಿಮೆ. ಹೇಳಬೇಕಾದದ್ದೆಲ್ಲ ಅದಕ್ಕಿಂತ ಮುಂಚಿನದು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ಕೂತ ಊರುಗಳು. ಸೆಟ್ ಕೆಟ್ಟರೆ ಬೆಂಗಳೂರಿನ ಎಸ್.ಪಿ. ರಸ್ತೆಗೋ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೋ ಯಾರ ಕೈಯಲ್ಲಾದರೂ ಕಳಿಸಬೇಕು, ಮತ್ತೆ ತರಿಸಬೇಕು. ನಿಂಟೆಂಡೊ ಸ್ವಿಚ್ ಆದರಂತೂ ಕಂಪನಿಯ ಬಾಗಿಲು ಬಡಿಯುವ ಪ್ರಶ್ನೆಯೇ ಇಲ್ಲ. 2017ರ ಮಾರ್ಚ್ 3ರಂದು ಜಗತ್ತಿನ ಮಾರುಕಟ್ಟೆಗೆ ಬಂದ ಆ ಸೆಟ್ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯಾಗಲೇ ಇಲ್ಲ. ಇಲ್ಲಿರುವುದೆಲ್ಲ ಹೊರಗಿನಿಂದ ತರಿಸಿದ್ದು. ಮೇಲಾಗಿ, ಮಾರ್ಪಡಿಸಿದ ಸೆಟ್ಟನ್ನು ವಾರಂಟಿಯಲ್ಲಿ ಯಾರೂ ಮುಟ್ಟುವುದಿಲ್ಲ. ಹೀಗಾಗಿ ದೊಡ್ಡ ಊರಿನವನಿಗಿಂತ ಇಲ್ಲಿಯವನಿಗೆ ಬ್ಯಾಕಪ್ಪಿನ ಅಗತ್ಯ ಹೆಚ್ಚು.

ಆದರೆ ಬ್ಯಾಕಪ್ ಎಂದಕೂಡಲೆ ಬಹಳ ಮಂದಿ ಮಾಡುವುದು ಗೇಮ್‌ಗಳ ಫೋಲ್ಡರನ್ನು ಹಾರ್ಡ್‌ಡಿಸ್ಕಿಗೆ ನಕಲು ಮಾಡಿಡುವ ಕೆಲಸ. ನೂರಾರು ಜಿಬಿ ಜಾಗ ತಿನ್ನುವ ಅದೇ ಎಲ್ಲಕ್ಕಿಂತ ಕಡಿಮೆ ಬೆಲೆಯದ್ದು. ಗೇಮ್ ಹೋದರೆ ಡಿಸ್ಕಿನಿಂದಲೋ ಖಾತೆಯಿಂದಲೋ ಮತ್ತೆ ಹಾಕಿಕೊಳ್ಳಬಹುದು. ಆಡಿ ಆಡಿ ಮುಂದಕ್ಕೆ ತಂದಿರುವ ಸೇವ್ ಫೈಲ್ ಹಾಗಲ್ಲ, ಅದು ಬೇರೆಲ್ಲೂ ಸಿಗದು. ಅದಕ್ಕಿಂತಲೂ ಮುಖ್ಯವಾದದ್ದು ಸೆಟ್ಟಿನ ಮದರ್‌ಬೋರ್ಡ್ ಮೇಲಿರುವ ಸಿಸ್ಟಂ ಮೆಮೊರಿ. ನ್ಯಾಂಡ್ ಎಂದೋ ಇಎಂಎಂಸಿ ಎಂದೋ ಕರೆಯುವ ಆ ಚಿಪ್ಪಿನಲ್ಲಿ ಸೆಟ್ ಏಳಲು ಬೇಕಾದ ತಂತ್ರಾಂಶ ಇರುತ್ತದೆ; ಜೊತೆಗೆ ಆ ಒಂದು ಸೆಟ್ಟಿಗೆ ಮಾತ್ರ ಸೇರಿದ ಕೀಗಳೂ ಪ್ರಮಾಣಪತ್ರಗಳೂ ಇರುತ್ತವೆ.

ಈ ‘ಒಂದು ಸೆಟ್ಟಿಗೆ ಮಾತ್ರ’ ಎಂಬ ಮಾತನ್ನು ಸರಿಯಾಗಿ ಹಿಡಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಕಾರ್ಖಾನೆಯಲ್ಲಿ ಪ್ರತಿ ಸೆಟ್ಟಿನ ಪ್ರೊಸೆಸರಿನೊಳಗೆ ಬೇರೆ ಬೇರೆ ಗುಪ್ತ ಕೀ ಬರೆಯುತ್ತಾರೆ. ಸಿಸ್ಟಂ ಮೆಮೊರಿಯ ಮುಖ್ಯ ಭಾಗಗಳು ಅದೇ ಕೀಯಿಂದ ಗೂಢಲಿಪಿಯಾಗಿರುತ್ತವೆ. ಲಿಂಗಸುಗೂರಿನ ಗೆಳೆಯನದೂ ನಿಮ್ಮದೂ ಒಂದೇ ಮಾಡೆಲ್, ಒಂದೇ ಬಣ್ಣ, ಒಂದೇ ಆವೃತ್ತಿ ಇರಲಿ; ಅವನ ಬ್ಯಾಕಪ್ ಫೈಲು ನಿಮ್ಮ ಸೆಟ್ಟಿಗೆ ಓದಲಾಗದ ಕಸ. ಇಂಟರ್ನೆಟ್ಟಿನಲ್ಲಿ ಎಷ್ಟು ಹುಡುಕಿದರೂ ನಿಮ್ಮ ಸೆಟ್ಟಿನ ಫೈಲು ಸಿಗುವುದಿಲ್ಲ.

ಮಸ್ಕಿಯವರಿಗೆ ಇದನ್ನು ಅವರ ಊರಿನ ಬಂಡೆಯಿಂದಲೇ ಹೇಳಬಹುದು. ಅಶೋಕನ ಕಿರು ಶಿಲಾಶಾಸನದ ಒಂದೇ ಪಾಠವನ್ನು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಕೊಪ್ಪಳ ಹೀಗೆ ಹಲವು ಕಡೆ ಕೆತ್ತಿಸಲಾಗಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಪ್ರತಿಯನ್ನು ಬೆಳಕಿಗೆ ತಂದಾಗ ಅದರಲ್ಲಿ ಅಲ್ಲಿಯವರೆಗೆ ದೊರೆತಿದ್ದ ಬೇರೆ ಪ್ರತಿಗಳಲ್ಲಿ ಇಲ್ಲದ್ದೊಂದು ಇತ್ತು: ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು. ಸಾಮಾನ್ಯ ಪಾಠ ಎಲ್ಲಿ ಬೇಕಾದರೂ ಸಿಗುತ್ತಿತ್ತು, ಹೆಸರು ಸಿಕ್ಕಿದ್ದು ಈ ಕಲ್ಲಿನಲ್ಲಿ. ಗೇಮ್ ಸೆಟ್ಟಿನಲ್ಲೂ ಸಿಸ್ಟಂ ತಂತ್ರಾಂಶ ಎಲ್ಲ ಸೆಟ್ಟಿಗೂ ಒಂದೇ, ಅದನ್ನು ಎಲ್ಲಿಂದಲಾದರೂ ತರಬಹುದು. ನಿಮ್ಮ ಸೆಟ್ಟಿನ ಗುರುತು ಇರುವ ಭಾಗ ಮಾತ್ರ ನಿಮ್ಮ ಸೆಟ್ಟಿನಲ್ಲೇ ಇದೆ. ಬ್ಯಾಕಪ್ ತೆಗೆಯುವುದು ಅದಕ್ಕಾಗಿ.

ಅಪ್ಡೇಟ್ ಒಳಗೆ ಏನು ಮಾಡುತ್ತದೆ

ಅಪ್ಡೇಟ್ ಎಂದರೆ ಸಿಸ್ಟಂ ಮೆಮೊರಿಯ ಮೇಲೆ ಹೊಸದಾಗಿ ಬರೆಯುವುದು. ಕೆಲವೊಮ್ಮೆ ಸೆಟ್ ಆನ್ ಆದಾಗ ಎಲ್ಲಕ್ಕಿಂತ ಮೊದಲು ಓಡುವ ಬೂಟ್ ಭಾಗವನ್ನೂ ಅದು ತಿದ್ದುತ್ತದೆ. ಆ ಹೊತ್ತಿನಲ್ಲಿ ಏನಾದರೂ ಎಡವಟ್ಟಾದರೆ ಸೆಟ್ಟಿಗೆ ಎಲ್ಲಿಂದ ಏಳಬೇಕೆಂದೇ ತಿಳಿಯುವುದಿಲ್ಲ. ಮಾರ್ಪಾಟು ಮಾಡಿಸದವರಿಗೂ ಈ ಅಪಾಯ ತಪ್ಪಿದ್ದಲ್ಲ. 2009ರ ಸೆಪ್ಟೆಂಬರಿನಲ್ಲಿ ನಿಂಟೆಂಡೊ ವೀ ಸೆಟ್ಟಿಗೆ ಬಂದ 4.2 ಅಪ್ಡೇಟ್ ಬೂಟ್2 ಎಂಬ ಭಾಗವನ್ನು ಮತ್ತೆ ಬರೆಯಿತು. ಏನೂ ಮಾರ್ಪಾಟಿಲ್ಲದ ಕೆಲವು ಸೆಟ್‌ಗಳೂ ಅದರಿಂದ ಸತ್ತವು. ಬೂಟ್‌ಮೀ ಎಂಬ ಉಪಕರಣದಿಂದ ಮೊದಲೇ ನ್ಯಾಂಡ್ ಬ್ಯಾಕಪ್ ತೆಗೆದಿಟ್ಟಿದ್ದವರ ಕೈಯಲ್ಲಿ ಕನಿಷ್ಠ ತಮ್ಮ ಸೆಟ್ಟಿನ ಸ್ವಂತ ಪ್ರತಿಯಾದರೂ ಉಳಿದಿತ್ತು.

ಅಪ್ಡೇಟ್ ಇದ್ದದ್ದನ್ನು ಕಸಿದುಕೊಂಡದ್ದೂ ಉಂಟು. 2010ರ ಏಪ್ರಿಲ್ 1ರಂದು ಬಂದ ಸೋನಿಯ ಪಿಎಸ್3 ಸೆಟ್ಟಿನ 3.21 ಆವೃತ್ತಿ, ಅದರಲ್ಲಿ ಲಿನಕ್ಸ್ ಹಾಕಿಕೊಳ್ಳಲು ಕಂಪನಿಯೇ ಕೊಟ್ಟಿದ್ದ ಸೌಲಭ್ಯವನ್ನು ತೆಗೆದುಹಾಕಿತು. ಅದೇ ವರ್ಷ ಅಮೆರಿಕದ ವಾಯುಪಡೆ 1,760 ಪಿಎಸ್3 ಸೆಟ್‌ಗಳನ್ನು ಜೋಡಿಸಿ ಲಿನಕ್ಸಿನಲ್ಲಿ ನಡೆಯುವ ಸೂಪರ್ ಕಂಪ್ಯೂಟರ್ ಕಟ್ಟಿತ್ತು. ಸೌಲಭ್ಯ ಕಳೆದುಕೊಂಡ ಸಾಮಾನ್ಯ ಗ್ರಾಹಕರು ಅಮೆರಿಕದಲ್ಲಿ ಕೋರ್ಟಿಗೆ ಹೋದರು, ಕಂಪನಿ ಕೊನೆಗೆ ರಾಜಿಗೆ ಬರಬೇಕಾಯಿತು.

ಇನ್ನು ಹಿಂದಕ್ಕೆ ಬರುವ ಮಾತು. ಹೊಸ ಆವೃತ್ತಿ ಹಾಕಿದ ಮೇಲೆ ಹಳೆಯದಕ್ಕೆ ಮರಳದಂತೆ ಕಂಪನಿಗಳು ಬಂದೋಬಸ್ತ್ ಮಾಡಿರುತ್ತವೆ. ಸ್ವಿಚ್ಚಿನಲ್ಲಿ ಅದು ಫ್ಯೂಸ್ ರೂಪದಲ್ಲಿದೆ. ಇದು ಮನೆಯ ಮೀಟರ್ ಬೋರ್ಡಿನ ಫ್ಯೂಸ್ ಅಲ್ಲ, ತಂತಿ ಬದಲಿಸಿ ಸರಿಮಾಡಲು ಬರುವುದಿಲ್ಲ. ಪ್ರೊಸೆಸರಿನೊಳಗೆ ಒಮ್ಮೆ ಸುಟ್ಟರೆ ಸುಟ್ಟೇ ಇರುವ ಬಿಟ್‌ಗಳು. ದೊಡ್ಡ ಅಪ್ಡೇಟ್‌ಗಳ ನಂತರ ಮೊದಲ ಸಲ ಏಳುವಾಗ ಸೆಟ್ ಹೊಸ ಆವೃತ್ತಿಗೆ ತಕ್ಕಷ್ಟು ಫ್ಯೂಸ್ ಸುಡುತ್ತದೆ. ಆಮೇಲೆ ಹಳೆಯ ಆವೃತ್ತಿ ಹಾಕಿದರೆ ಕಂಪನಿಯ ಬೂಟ್ ತಂತ್ರಾಂಶ ಫ್ಯೂಸ್ ಎಣಿಸಿ, ಲೆಕ್ಕ ಹೆಚ್ಚಾಗಿದೆ ಎಂದು ಏಳಲು ನಿರಾಕರಿಸುತ್ತದೆ. ಹೆಕಾಟೆಯಂಥ ಹೊರಗಿನ ಬೂಟ್ ತಂತ್ರಾಂಶದ ಮೂಲಕ ಎಬ್ಬಿಸಿದರೆ ಆ ಎಣಿಕೆ ನಡೆಯುವುದಿಲ್ಲ, ಹಳೆಯ ಬ್ಯಾಕಪ್ ಕೆಲಸಕ್ಕೆ ಬರುತ್ತದೆ. ಆದರೆ ಸುಟ್ಟ ಫ್ಯೂಸ್ ಮರಳಿ ಕೂಡುವುದಿಲ್ಲ. ಪಿಎಸ್4ನಲ್ಲಿ ಮನೆಯಲ್ಲಿ ಕೂತು ಹಳೆಯ ಆವೃತ್ತಿಗೆ ಇಳಿಯುವ ದಾರಿಯೇ ಇಲ್ಲ. ಬ್ಯಾಕಪ್ ನಿಮ್ಮ ಮಾಹಿತಿಯನ್ನು ಮರಳಿಸುತ್ತದೆ, ಹಳೆಯ ಆವೃತ್ತಿಯನ್ನು ಮರಳಿಸುತ್ತದೆ ಎಂಬ ಖಾತರಿ ಇಲ್ಲ. ಈ ಎರಡನ್ನೂ ಬೆರೆಸಿಕೊಂಡು, ‘ಬ್ಯಾಕಪ್ ಐತಲ್ಲ’ ಎಂಬ ಧೈರ್ಯದಲ್ಲಿ ಅಪ್ಡೇಟ್ ಒತ್ತಿದವರು ಕೈಸುಟ್ಟುಕೊಂಡಿದ್ದಾರೆ.

ಹಾಗೆಂದು ಅಪ್ಡೇಟ್ ಎಂದರೆ ಶತ್ರುವೇನಲ್ಲ. ಪಿಎಸ್4ನ ಒಳಗೆ ಗಡಿಯಾರಕ್ಕಾಗಿ ಒಂದು ಸಣ್ಣ ಬಟನ್ ಸೆಲ್ ಇದೆ. ಅದು ಸತ್ತು, ಸೋನಿಯ ಸರ್ವರಿಗೂ ಸೆಟ್ಟಿಗೂ ಸಂಪರ್ಕ ತಪ್ಪಿದರೆ ಸ್ವಂತ ದುಡ್ಡಿನಲ್ಲಿ ಕೊಂಡ ಗೇಮ್ ಕೂಡ ತೆರೆಯುತ್ತಿರಲಿಲ್ಲ. 2021ರಲ್ಲಿ ಬಂದ 9.00 ಆವೃತ್ತಿ ಆ ತೊಡಕನ್ನು ಸದ್ದಿಲ್ಲದೆ ಸರಿಪಡಿಸಿತು. ಹಳೆಯ ಸೆಟ್ ಇನ್ನೂ ಹತ್ತು ವರ್ಷ ಆಡಬೇಕೆನ್ನುವವರಿಗೆ ಅದು ಬೇಕಾದ ಅಪ್ಡೇಟೇ. ಪ್ರತಿ ಅಪ್ಡೇಟ್ ಏನು ಕೊಡುತ್ತದೆ, ಏನು ಕಸಿಯುತ್ತದೆ ಎಂದು ತಿಳಿದು ನೀವೇ ತೀರ್ಮಾನಿಸಬೇಕು. ಆ ತೀರ್ಮಾನಕ್ಕೆ ಸಮಯ ಸಿಗಬೇಕಾದರೆ ಮೊದಲು ಸೆಟ್ ತಾನಾಗಿಯೇ ಅಪ್ಡೇಟ್ ಇಳಿಸಿಕೊಳ್ಳುವುದನ್ನು ನಿಲ್ಲಿಸಿ. ವೈಫೈ ಕಿತ್ತರೆ ಸಾಕೆಂದು ಕೆಲವರ ಭಾವನೆ. ಆದರೆ ಪಿಎಸ್3, ವೀ, ಎಕ್ಸ್‌ಬಾಕ್ಸ್ 360 ಸೆಟ್‌ಗಳ ಎಷ್ಟೋ ಗೇಮ್ ಡಿಸ್ಕ್‌ಗಳಲ್ಲೇ ಅಪ್ಡೇಟ್ ಫೈಲ್ ಅಡಗಿರುತ್ತದೆ. ನೆಟ್ ಇಲ್ಲದ ಹಳ್ಳಿಯಲ್ಲೂ ಹೊಸ ಡಿಸ್ಕ್ ಹಾಕಿದ ಕೂಡಲೆ ಅದು ಕೇಳುತ್ತದೆ.

ಕರೆಂಟಿನ ಲೆಕ್ಕ

ಬ್ಯಾಕಪ್ ತೆಗೆಯುವಾಗ ಕರೆಂಟ್ ಹೋದರೆ ಬಹುಮಟ್ಟಿಗೆ ಹಾನಿಯಿಲ್ಲ, ಮತ್ತೊಮ್ಮೆ ತೆಗೆದರಾಯಿತು. ಬ್ಯಾಕಪ್ಪನ್ನು ಸೆಟ್ಟಿಗೆ ಮರಳಿ ಬರೆಯುವಾಗ, ಅಪ್ಡೇಟ್ ಹಾಕುವಾಗ ಹೋದರೆ ಸೆಟ್ಟೇ ಹೋಗಬಹುದು. ಸ್ವಿಚ್ಚಿಗೆ ಒಳಗೇ ಬ್ಯಾಟರಿ ಇದೆ. ಅರ್ಧಕ್ಕಿಂತ ಹೆಚ್ಚು ಚಾರ್ಜ್ ಮಾಡಿ, ಚಾರ್ಜರ್ ಹಚ್ಚಿಟ್ಟರೆ ಸಾಕು. ಪಿಎಸ್4, ಎಕ್ಸ್‌ಬಾಕ್ಸ್ ಗೋಡೆಯ ಪ್ಲಗ್ಗನ್ನೇ ನಂಬಿಕೊಂಡಿವೆ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಕೂಲರ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ವೋಲ್ಟೇಜ್ ಕುಣಿಯುತ್ತದೆ. ಜೆಸ್ಕಾಂ ಪತ್ರಿಕೆಗಳಲ್ಲಿ ಕೊಡುವ ‘ವಿದ್ಯುತ್ ವ್ಯತ್ಯಯ’ ಪ್ರಕಟಣೆ ನೋಡಿ ದಿನ ಆರಿಸಿಕೊಳ್ಳಿ. ತಂಪು ಹೊತ್ತು, ನಸುಕು ಇನ್ನೂ ಒಳ್ಳೆಯದು. ಮನೆಯ ಇನ್ವರ್ಟರನ್ನೇ ನೆಚ್ಚುವುದಾದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ತಿರುಗಿಸಿ. ಸಾಮಾನ್ಯ ಮೋಡಿನಲ್ಲಿ ಫ್ಯಾನಿಗೆ ಗೊತ್ತಾಗದಷ್ಟು ಸಣ್ಣ ತಡೆ ಗೇಮ್ ಸೆಟ್ಟನ್ನು ಆರಿಸಿಬಿಡಬಲ್ಲದು. ಕಂಪ್ಯೂಟರಿಗೆ ಬಳಸುವ ಸಣ್ಣ ಯುಪಿಎಸ್ ಗೆಳೆಯರ ಅಂಗಡಿಯಲ್ಲಿದ್ದರೆ ಒಂದು ತಾಸಿಗೆ ಕೇಳಿ ತನ್ನಿ.

ಸ್ವಿಚ್

2018ರ ಏಪ್ರಿಲ್‌ನಲ್ಲಿ ಸ್ವಿಚ್ಚಿನ ಟೆಗ್ರಾ ಎಕ್ಸ್1 ಪ್ರೊಸೆಸರಿನ ದೋಷವೊಂದು ಬಹಿರಂಗವಾಗಿ ಮಾರ್ಪಾಟಿಗೆ ದಾರಿ ತೆರೆಯಿತು. ದೋಷ ಇದ್ದದ್ದು ಕಾರ್ಖಾನೆಯಲ್ಲೇ ಅಚ್ಚಾದ ಬೂಟ್ ರೋಮಿನಲ್ಲಿ. ಅಪ್ಡೇಟ್ ಕಳಿಸಿ ಅದನ್ನು ಮುಚ್ಚಲು ಬರಲಿಲ್ಲ. ಆ ವರ್ಷದ ಮಧ್ಯದ ನಂತರ ತಯಾರಾದ ಸೆಟ್‌ಗಳಲ್ಲಿ ಮಾತ್ರ ತಿದ್ದುಪಡಿ ಇದೆ, ಅವುಗಳಿಗೆ ಒಳಗೆ ಚಿಪ್ ಬೆಸುಗೆ ಹಾಕಿಸಬೇಕು. ಯಾವ ದಾರಿಯಲ್ಲಿ ಮಾರ್ಪಡಿಸಿದ್ದರೂ ಬ್ಯಾಕಪ್ ತೆಗೆಯುವ ಉಪಕರಣ ಒಂದೇ, ಹೆಕಾಟೆ.

ಮೊದಲು 64 ಜಿಬಿಗಿಂತ ಕಡಿಮೆಯಿಲ್ಲದ ಮೆಮೊರಿ ಕಾರ್ಡ್ ಬೇಕು. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕಾರ್ಡ್‌ಗಳ ಮೇಲೆ 128 ಎಂದು ಬರೆದಿದ್ದರೂ ಒಳಗೆ 8 ಇರಬಹುದು. ಅದಕ್ಕಿಂತ ಹೆಚ್ಚು ತುಂಬಿದ್ದೆಲ್ಲ ಸದ್ದಿಲ್ಲದೆ ಹಾಳಾಗುತ್ತದೆ. ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಕಾರ್ಡನ್ನು ಪೂರ್ತಿ ತುಂಬಿಸಿ ಪರೀಕ್ಷಿಸಿ. ಈ ಒಂದು ಹೆಜ್ಜೆಯನ್ನು ಯಾರೂ ಮಾಡುವುದಿಲ್ಲ, ನಾನು ಮಾತ್ರ ಯಾರೇ ಕೇಳಿದರೂ ಇದನ್ನೇ ಮೊದಲು ಹೇಳುತ್ತೇನೆ. ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ಎಕ್ಸ್‌ಫ್ಯಾಟ್ ಕೂಡ ಓದುತ್ತದೆ, ಆದರೆ ಮಾರ್ಪಡಿಸಿದ ಸ್ವಿಚ್ಚಿನಲ್ಲಿ ಅದರ ಕಡತಗಳು ಕೆಡುವುದು ಹೆಚ್ಚು.

ಹೆಕಾಟೆಯಲ್ಲಿ ಟೂಲ್ಸ್ ತೆರೆದು ಬ್ಯಾಕಪ್ ಇಎಂಎಂಸಿ ಒಳಗೆ ಹೋದರೆ ಎರಡು ಗುಂಡಿ ಮುಖ್ಯ. ಬೂಟ್0 ಮತ್ತು ಬೂಟ್1 ಎಂಬುದು ತಲಾ 4 ಎಂಬಿ, ಕಣ್ಣುಮುಚ್ಚಿ ತೆರೆಯುವುದರಲ್ಲಿ ಮುಗಿಯುತ್ತದೆ. ರಾ ಜಿಪಿಪಿ ಎಂಬುದು ಪೂರ್ತಿ ಸಿಸ್ಟಂ ಮೆಮೊರಿ, 32 ಜಿಬಿ ಸೆಟ್ಟಿನಲ್ಲಿ 29.1 ಜಿಬಿ, ಓಎಲ್‌ಇಡಿ ಮಾಡೆಲ್ಲಿನದು 64 ಜಿಬಿ ಮೆಮೊರಿ, ಅದಕ್ಕೆ ಈ 29.1 ಜಿಬಿಯ ಎರಡರಷ್ಟು ಜಾಗ ಬೇಕು. ಎರಡನ್ನೂ ಒಂದೇ ಸಲ ಕೂತು ತೆಗೆಯಿರಿ. ಒಂದು ಹಳೆಯ ಆವೃತ್ತಿಯದು, ಇನ್ನೊಂದು ಹೊಸದು ಎಂದಾದರೆ ಮರಳಿ ಹಾಕಿದಾಗ ಒಂದಕ್ಕೊಂದು ಹೊಂದದೆ ಸೆಟ್ ಏಳುವುದಿಲ್ಲ. ವೆರಿಫಿಕೇಶನ್ ಆಯ್ಕೆಯನ್ನು ಪೂರ್ತಿಗೆ ಇಡಿ. ಬರೆದದ್ದನ್ನು ಮತ್ತೆ ಓದಿ ಮೂಲದೊಂದಿಗೆ ಹೋಲಿಸುವುದರಿಂದ ಹೊತ್ತು ಹೆಚ್ಚಾಗುತ್ತದೆ, ಆಗಲಿ.

ಫ್ಯಾಟ್32ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಇರುವಂತಿಲ್ಲ. ಆದ್ದರಿಂದ ಹೆಕಾಟೆ ಬ್ಯಾಕಪ್ಪನ್ನು ತುಂಡು ಮಾಡಿ ಸಾಲು ಸಂಖ್ಯೆ ಹಚ್ಚಿ ಇಡುತ್ತದೆ. ಕಾರ್ಡಿನ ಬ್ಯಾಕಪ್ ಫೋಲ್ಡರಿನೊಳಗೆ ಸಂಖ್ಯೆ ಅಕ್ಷರಗಳ ಹೆಸರಿನ ಒಳಫೋಲ್ಡರ್ ಕಾಣುತ್ತದೆ, ಅದು ನಿಮ್ಮ ಮೆಮೊರಿ ಚಿಪ್ಪಿನ ಗುರುತು. ಹೆಸರು ಬದಲಿಸದೆ ಪೂರ್ತಿ ಫೋಲ್ಡರನ್ನು ಕಂಪ್ಯೂಟರಿಗೆ ಎತ್ತಿಕೊಳ್ಳಿ. ಒಂದು ತುಂಡು ಕಳೆದರೂ ಉಳಿದವು ವ್ಯರ್ಥ.

ಈ ಪೂರ್ತಿ ಪ್ರತಿಯೊಳಗೆ ಪ್ರಾಡ್‌ಇನ್ಫೋ ಎಂಬ ಸಣ್ಣ ವಿಭಾಗವಿದೆ. ಸೆಟ್ಟಿನ ಸೀರಿಯಲ್ ಸಂಖ್ಯೆ, ಪ್ರಮಾಣಪತ್ರ ಎಲ್ಲ ಅದರಲ್ಲೇ. ಸಿಸ್ಟಂ ತಂತ್ರಾಂಶ ಕೆಟ್ಟರೆ ಮರಳಿ ಕಟ್ಟಬಹುದು. ಪ್ರಾಡ್‌ಇನ್ಫೋ ಕೆಟ್ಟು ಅದರ ಬ್ಯಾಕಪ್ ಇಲ್ಲದಿದ್ದರೆ ಜಗತ್ತಿನ ಯಾವ ಜಾಣನೂ ಅದನ್ನು ಯಥಾವತ್ತಾಗಿ ತಂದುಕೊಡಲಾರ. ಕೀಗಳನ್ನೂ ಬೇರೆಯಾಗಿ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕೆ ಬಳಸುತ್ತಿದ್ದ ಲಾಕ್‌ಪಿಕ್ ಎಂಬ ಉಪಕರಣವನ್ನು ನಿಂಟೆಂಡೊ 2023ರ ಮೇ ತಿಂಗಳಲ್ಲಿ ಕಾನೂನು ನೋಟಿಸ್ ಕೊಟ್ಟು ತೆಗೆಸಿತು. ಹಿಂದೆಯೇ ತೆಗೆದಿಟ್ಟವರ ಹತ್ತಿರ ಆ ಫೈಲು ಇದ್ದೇ ಇದೆ, ಜೋಪಾನ ಮಾಡಿ.

ಸೇವ್ ಫೈಲುಗಳ ವಿಚಾರ ಬೇರೆ. ಸ್ವಿಚ್ಚಿನಲ್ಲಿ ಗೇಮನ್ನು ಕಾರ್ಡಿಗೆ ಹಾಕಿದರೂ ಸೇವ್ ಮಾತ್ರ ಒಳಗಿನ ಸಿಸ್ಟಂ ಮೆಮೊರಿಯಲ್ಲೇ ಕೂರುತ್ತದೆ. ಕಾರ್ಡ್ ನಕಲು ಮಾಡಿಟ್ಟು ಸೇವ್ ಉಳಿಯಿತು ಎಂದುಕೊಳ್ಳಬೇಡಿ. ಪೂರ್ತಿ ಬ್ಯಾಕಪ್ಪಿನಲ್ಲಿ ಅವು ಸೇರಿರುತ್ತವೆ ನಿಜ, ಆದರೆ ಆರು ತಿಂಗಳ ಹಿಂದಿನ ಬ್ಯಾಕಪ್ ಮರಳಿಸಿದರೆ ಆರು ತಿಂಗಳ ಆಟ ಹೋಯಿತು. ಜೆಕೆಎಸ್‌ವಿ ಅಥವಾ ಚೆಕ್‌ಪಾಯಿಂಟ್ ಎಂಬ ತಂತ್ರಾಂಶ ಬಳಸಿ ಸೇವ್‌ಗಳನ್ನು ಮಾತ್ರ ಆಗಾಗ ಕಾರ್ಡಿಗೆ ತೆಗೆಯಿರಿ, ಕೆಲವೇ ಎಂಬಿ ಆಗುತ್ತದೆ. ಪೂರ್ತಿ ಬ್ಯಾಕಪ್ ಒಮ್ಮೆ ಕಷ್ಟಪಟ್ಟು ತೆಗೆದು ಕಾಯ್ದಿಡುವಂಥದ್ದು.

ಎಮುಎಂಎಂಸಿ ಎಂಬ ಏರ್ಪಾಟು ಮಾಡಿಸಿಕೊಂಡವರಿಗೆ ಇನ್ನೊಂದು ಅನುಕೂಲವಿದೆ. ಸಿಸ್ಟಂ ಮೆಮೊರಿಯ ಪೂರ್ತಿ ನಕಲು ಕಾರ್ಡಿನ ಮೇಲೆ ಓಡುತ್ತಿರುತ್ತದೆ, ಒಳಗಿನ ಮೂಲವನ್ನು ಯಾರೂ ಮುಟ್ಟುವುದಿಲ್ಲ. ಅಪ್ಡೇಟನ್ನು ಆ ನಕಲಿನ ಮೇಲೆ ಹಾಕಿ ನೋಡಿ. ಕೆಟ್ಟರೆ ಕಾರ್ಡನ್ನು ಹಿಂದಿನ ಸ್ಥಿತಿಗೆ ತಂದರಾಯಿತು. ಸ್ವಿಚ್ ಮಾರ್ಪಡಿಸುವ ಯಾರಿಗಾದರೂ ನನ್ನ ಸಲಹೆ ಇದೇ.

ಅಪ್ಡೇಟ್ ಹಾಕಲೇಬೇಕೆಂದಾದರೆ ಅನುಕ್ರಮ ತಪ್ಪಿಸಬೇಡಿ. ಅಟ್ಮಾಸ್ಫಿಯರ್ ಎಂಬ ಮಾರ್ಪಾಟು ತಂತ್ರಾಂಶ ಹೊಸ ಆವೃತ್ತಿಯನ್ನು ಬೆಂಬಲಿಸುತ್ತದೆಂದು ಅದರ ಬಿಡುಗಡೆ ಟಿಪ್ಪಣಿಯಲ್ಲಿ ಬರೆದಿರಬೇಕು. ಅಲ್ಲಿಯವರೆಗೆ ಕಾಯಿರಿ. ಬಂದ ಮೇಲೆ ಮೊದಲು ಕಾರ್ಡಿನಲ್ಲಿ ಅಟ್ಮಾಸ್ಫಿಯರ್, ಹೆಕಾಟೆ ಎರಡನ್ನೂ ಹೊಸದು ಮಾಡಿ, ಆಮೇಲೆ ಸಿಸ್ಟಂ ಅಪ್ಡೇಟ್. ತಿರುಗುಮುರುಗಾದರೆ ದೋಷದ ಪರದೆ ಬರುತ್ತದೆ. ಗಾಬರಿ ಬೇಡ, ಬಹುಪಾಲು ಸಂದರ್ಭದಲ್ಲಿ ಕಾರ್ಡ್ ಹೊರತೆಗೆದು ಹೊಸ ಫೈಲ್ ಹಾಕಿದರೆ ಸೆಟ್ ಏಳುತ್ತದೆ.

ಪಿಎಸ್4 ಮತ್ತು ಎಕ್ಸ್‌ಬಾಕ್ಸ್ 360

2014ರ ಜನವರಿಯಲ್ಲಿ ಭಾರತಕ್ಕೆ ಬಂದ ಪಿಎಸ್4ನಲ್ಲಿ ಆವೃತ್ತಿಯ ಸಂಖ್ಯೆಯೇ ಎಲ್ಲ. 9.00ಕ್ಕೆ 2021ರ ಡಿಸೆಂಬರ್‌ನಲ್ಲಿ ಜೈಲ್‌ಬ್ರೇಕ್ ಬಂತು, 11.00ಕ್ಕೆ 2024ರಲ್ಲಿ. ಎರಡೂ ತಾತ್ಕಾಲಿಕ, ಸೆಟ್ ಆರಿಸಿ ಹಾಕಿದಾಗಲೆಲ್ಲ ಮತ್ತೆ ಮಾಡಬೇಕು. 9.00ರ ದಾರಿಯನ್ನು 9.03ರಲ್ಲೂ 11.00ರ ದಾರಿಯನ್ನು 11.02ರಲ್ಲೂ ಸೋನಿ ಮುಚ್ಚಿತು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಆಟೊಮ್ಯಾಟಿಕ್ ಡೌನ್‌ಲೋಡ್ಸ್‌ಗೆ ಹೋಗಿ ಸಿಸ್ಟಂ ಸಾಫ್ಟ್‌ವೇರ್ ಅಪ್ಡೇಟ್ ಫೈಲಿನ ಟಿಕ್ ತೆಗೆದುಬಿಡಿ. ಈಗಾಗಲೇ ಇಳಿದು ಕೂತಿದ್ದರೆ ನೋಟಿಫಿಕೇಶನ್ ಪಟ್ಟಿಯಿಂದ ಅಳಿಸಿ. ಹಾಗೆ ಮಾಡದಿದ್ದರೆ ಮಕ್ಕಳು ಅವಸರದಲ್ಲಿ ಒತ್ತುವುದು ಖಂಡಿತ.

ಬ್ಯಾಕಪ್ಪಿಗೆ ಸೋನಿಯೇ ಕೊಟ್ಟ ಸೌಲಭ್ಯ ಅದೇ ಸಿಸ್ಟಂ ಮೆನುವಿನಲ್ಲಿದೆ. ಯುಎಸ್‌ಬಿ ಹಾರ್ಡ್‌ಡಿಸ್ಕ್ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಆಗಿರಲಿ. ಜಾಗ ಸಾಲದಿದ್ದರೆ ಗೇಮ್‌ಗಳ ಟಿಕ್ ತೆಗೆದು ಸೇವ್, ಚಿತ್ರ, ಸೆಟ್ಟಿಂಗ್ ಮಾತ್ರ ಇಡಿ. ಟ್ರೋಫಿ ಇದರಲ್ಲಿ ಬರುವುದಿಲ್ಲ. ರಿಸ್ಟೋರ್ ಎಂದು ಒತ್ತಿದರೆ ಸೆಟ್ಟಿನಲ್ಲಿರುವುದನ್ನೆಲ್ಲ ಮೊದಲು ಅಳಿಸುತ್ತದೆ ಎಂಬುದೂ ನೆನಪಿರಲಿ. ಇನ್ನೊಂದು ಸೂಕ್ಷ್ಮ: ಸೋನಿಯ ಆನ್‌ಲೈನ್ ಖಾತೆಗೆ ಜೋಡಿಸದ ಬಳಕೆದಾರನ ಸೇವ್‌ಗಳು ಆ ಒಂದೇ ಸೆಟ್ಟಿಗೆ ಅಂಟಿಕೊಂಡಿರುತ್ತವೆ. ಜೈಲ್‌ಬ್ರೇಕ್ ಸೆಟ್‌ಗಳಲ್ಲಿ ಹೆಚ್ಚಿನವರು ಖಾತೆಯಿಲ್ಲದೇ ಆಡುವುದರಿಂದ ಈ ತೊಡಕು ಅವರಿಗೇ ಬರುತ್ತದೆ. ಅಪೊಲೊ ಸೇವ್ ಟೂಲ್ ಎಂಬ ತಂತ್ರಾಂಶದಿಂದ ಸೇವ್‌ಗಳನ್ನು ಪೆನ್‌ಡ್ರೈವಿಗೆ ಬೇರೆಯಾಗಿ ತೆಗೆದಿಡಿ. ಒಳಗಿನ ಹಾರ್ಡ್‌ಡಿಸ್ಕನ್ನೇ ಬಿಚ್ಚಿ ಇನ್ನೊಂದು ಪಿಎಸ್4ಗೆ ಹಾಕಿ ಓದುತ್ತೇನೆ ಎಂಬ ಯೋಚನೆ ಬೇಡ, ಅದೂ ಆಯಾ ಸೆಟ್ಟಿನ ಕೀಯಿಂದ ಗೂಢಲಿಪಿಯಾಗಿದೆ. ಎರಡನೇ ಸೆಟ್ ಅದನ್ನು ಫಾರ್ಮ್ಯಾಟ್ ಮಾಡಲು ಕೇಳುತ್ತದೆ.

ಎಕ್ಸ್‌ಬಾಕ್ಸ್ 360ರ ನ್ಯಾಂಡ್ ಹೆಚ್ಚಿನ ಮಾಡೆಲ್‌ಗಳಲ್ಲಿ 16 ಎಂಬಿ. ತೆಗೆದ ಫೈಲು 16.5 ಎಂಬಿ ಆಗುತ್ತದೆ. ಇಷ್ಟು ಸಣ್ಣದಾದ್ದರಿಂದ ಇದನ್ನು ಕಾಯ್ದಿಡದಿರಲು ನೆಪವೇ ಇಲ್ಲ. 2011ರಿಂದ ಪ್ರಚಾರಕ್ಕೆ ಬಂದ ಆರ್‌ಜಿಎಚ್ ಮಾರ್ಪಾಟು ಮಾಡಿಸಿದ ಸೆಟ್ ಆದರೆ ಸಿಂಪಲ್ 360 ನ್ಯಾಂಡ್ ಫ್ಲ್ಯಾಶರ್ ಎಂಬ ತಂತ್ರಾಂಶ ಸೆಟ್ಟಿನಲ್ಲೇ ಓಡಿ ಪೆನ್‌ಡ್ರೈವಿಗೆ ಪ್ರತಿ ತೆಗೆದುಕೊಡುತ್ತದೆ. ಎರಡು ಸಲ ತೆಗೆದು ಎರಡೂ ಒಂದೇ ಇವೆಯೇ ನೋಡಿ. ಜೊತೆಗೆ 32 ಅಂಕಿ ಅಕ್ಷರಗಳ ಸಿಪಿಯು ಕೀಯನ್ನು ಕಾಗದದ ಮೇಲೆ ಬರೆದಿಡಿ. ಅದಿಲ್ಲದೆ ನ್ಯಾಂಡಿನ ಗುಪ್ತ ಭಾಗ ತೆರೆಯದು. ಡಿವಿಡಿ ಡ್ರೈವನ್ನು ಗುರುತಿಸುವ ಕೀ ಕೂಡ ಆ ಭಾಗದಲ್ಲೇ ಇರುವುದರಿಂದ ಅದು ಕಳೆದರೆ ಸ್ವಂತ ಡ್ರೈವನ್ನೂ ಸೆಟ್ ಪರಕೀಯವೆಂದು ತಳ್ಳುತ್ತದೆ. ಡ್ಯಾಶ್ ಲಾಂಚ್ ಎಂಬ ತಂತ್ರಾಂಶದಲ್ಲಿ ನೋಅಪ್ಡೇಟರ್ ಆಯ್ಕೆ ಚಾಲೂ ಇದೆಯೇ ಎಂದೂ ನೋಡಿಕೊಳ್ಳಿ, ಡಿಸ್ಕಿನೊಳಗಿನ ಅಪ್ಡೇಟನ್ನು ತಡೆಯುವುದು ಅದೇ.

ಪಿಎಸ್2 ಇನ್ನೂ ಇಟ್ಟುಕೊಂಡವರು ನಿಶ್ಚಿಂತೆಯಿಂದಿರಬಹುದು. ಅದಕ್ಕೆ ಸಿಸ್ಟಂ ಅಪ್ಡೇಟ್ ಎಂಬುದೇ ಇಲ್ಲ, 8 ಎಂಬಿ ಮೆಮೊರಿ ಕಾರ್ಡಿನ ಪ್ರತಿ ತೆಗೆದಿಟ್ಟರೆ ಮುಗಿಯಿತು.

ತೆಗೆದದ್ದನ್ನು ಇಡುವುದು

ಬ್ಯಾಕಪ್ ಸರಿಯಾಗಿದೆಯೇ ಎಂದು ನೋಡದಿದ್ದರೆ ತೆಗೆದೂ ತೆಗೆಯದಂತೆ. ಕಂಪ್ಯೂಟರಿನಲ್ಲಿ ಸೆವೆನ್‌ಜಿಪ್ ಇದ್ದರೆ ಫೈಲಿನ ಮೇಲೆ ಬಲಗುಂಡಿ ಒತ್ತಿ ಶಾ-256 ಲೆಕ್ಕ ಹಾಕಿಸಿ. ಬರುವ ಉದ್ದನೆಯ ಸಂಖ್ಯೆಯನ್ನು ಉಳಿಸಿಡಿ. ವರ್ಷದ ಮೇಲೆ ಮತ್ತೆ ಲೆಕ್ಕ ಹಾಕಿಸಿದಾಗ ಅದೇ ಸಂಖ್ಯೆ ಬಂದರೆ ಒಂದು ಬಿಟ್ ಕೂಡ ಕೆಟ್ಟಿಲ್ಲ.

ಮೆಮೊರಿ ಕಾರ್ಡ್, ಪೆನ್‌ಡ್ರೈವ್‌ಗಳನ್ನು ವರ್ಷಗಟ್ಟಲೆ ಕರೆಂಟಿಲ್ಲದೆ ಬಿಟ್ಟರೆ, ಅದೂ ತಗಡಿನ ಮಾಳಿಗೆಯ ಕೆಳಗೆ ಸೆಕೆಯಲ್ಲಿ ಬಿಟ್ಟರೆ, ಒಳಗಿನ ಮಾಹಿತಿ ನಿಧಾನವಾಗಿ ಸವೆಯುತ್ತದೆ. ಹಾರ್ಡ್‌ಡಿಸ್ಕ್ ವಾಸಿ. ಒಂದು ಪ್ರತಿ ಸಿಂಧನೂರಿನ ನಿಮ್ಮ ಮನೆಯಲ್ಲಿದ್ದರೆ ಇನ್ನೊಂದು ಲಿಂಗಸುಗೂರಿನ ಅಕ್ಕನ ಮನೆಯ ಅಲಮಾರಿಯಲ್ಲಿರಲಿ. ಸ್ವಿಚ್ಚಿನ 29.1 ಜಿಬಿಯನ್ನು ಗೂಗಲ್ ಡ್ರೈವಿಗೆ ಹಾಕುತ್ತೇನೆಂದರೆ ಉಚಿತ ಜಾಗ 15 ಜಿಬಿ ಮಾತ್ರ. ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ ಕಳಿಸಲು ಅರ್ಧ ತಿಂಗಳು ಬೇಕು. ಜಿಪ್ ಮಾಡಿ ಕುಗ್ಗಿಸಲು ಹೋದರೂ ಹೆಚ್ಚು ಕುಗ್ಗದು, ಗೂಢಲಿಪಿಯಲ್ಲಿರುವ ಮಾಹಿತಿಯಲ್ಲಿ ಮರುಕಳಿಸುವ ವಿನ್ಯಾಸವೇ ಇರುವುದಿಲ್ಲ. ಬೂಟ್0, ಬೂಟ್1, ಪ್ರಾಡ್‌ಇನ್ಫೋ, ಕೀಗಳು, ಸೇವ್‌ಗಳು, ಎಕ್ಸ್‌ಬಾಕ್ಸಿನ ನ್ಯಾಂಡ್ ಇವನ್ನಾದರೂ ಪಾಸ್‌ವರ್ಡ್ ಹಾಕಿದ ಜಿಪ್ ಮಾಡಿ ಅಲ್ಲಿಡಬಹುದು.

ಪಾಸ್‌ವರ್ಡ್ ಹಾಕದೆ ಮಾತ್ರ ಇಡಬೇಡಿ, ಯಾವ ವಾಟ್ಸಾಪ್ ಗುಂಪಿಗೂ ಹಂಚಬೇಡಿ. ಬ್ಯಾಕಪ್ಪಿನೊಳಗೆ ನಿಮ್ಮ ವೈಫೈ ಪಾಸ್‌ವರ್ಡ್, ಖಾತೆಯ ವಿವರ, ಸೆಟ್ಟಿನ ಪ್ರಮಾಣಪತ್ರ ಇರುತ್ತವೆ. ನಿಮ್ಮ ಪ್ರಮಾಣಪತ್ರ ಇನ್ನೊಬ್ಬರ ಕೈಸೇರಿ ದುರ್ಬಳಕೆಯಾದರೆ ಆನ್‌ಲೈನಿನಿಂದ ಹೊರಬೀಳುವುದು ನಿಮ್ಮ ಸೆಟ್.

ಕಾನೂನಿನ ಬಗ್ಗೆ ಕೇಳುವವರಿಗೆ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಕಂಪ್ಯೂಟರ್ ಪ್ರೋಗ್ರಾಮನ್ನು ಕಾನೂನುಬದ್ಧವಾಗಿ ಹೊಂದಿದವರು ನಷ್ಟ ಅಥವಾ ಹಾನಿಯಿಂದ ತಾತ್ಕಾಲಿಕ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಂ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆ ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಎನ್ನುತ್ತದೆ. ಸ್ವಂತ ಸೆಟ್ಟಿನ, ಸ್ವಂತ ಸೇವಿನ ಪ್ರತಿ ಒಂದು; ಕೊಳ್ಳದ ಗೇಮನ್ನು ಇಳಿಸಿ ಆಡುವುದು ಬೇರೊಂದು. ಈ ಲೇಖನ ಮೊದಲನೆಯದರ ಬಗ್ಗೆ.

ಕೊನೆಗೆ, ಹಳೆಯ ಸೆಟ್ ಕೊಳ್ಳುವವರಿಗೂ ಮಾರುವವರಿಗೂ ಒಂದು ಮಾತು. ನಮ್ಮ ಕಡೆ ಒಂದೇ ಸೆಟ್ ಸಿಂಧನೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಲಿಂಗಸುಗೂರಿಗೆ ಕೈಬದಲಾಗುತ್ತ ಹೋಗುತ್ತದೆ, ಬ್ಯಾಕಪ್ ಮಾತ್ರ ಮೊದಲನೆಯವನ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಮಾರಿದ ಮೇಲೆ ಆ ಫೈಲು ಮಾರಿದವನಿಗೆ ಯಾವ ಕೆಲಸಕ್ಕೂ ಬಾರದು, ಕೊಂಡವನಿಗೆ ಅದೇ ಆಧಾರ. ಕೊಳ್ಳುವಾಗ ಚಾರ್ಜರ್, ರಿಮೋಟ್ ಕೇಳುವಂತೆ ನ್ಯಾಂಡ್ ಬ್ಯಾಕಪ್, ಕೀ, ಯಾವ ಆವೃತ್ತಿಯಲ್ಲಿ ತೆಗೆದದ್ದು, ಯಾವ ತಾರೀಖು ಎಂಬುದನ್ನೂ ಕೇಳಿ. ಫೋಲ್ಡರಿನ ಗುರುತು ಈ ಸೆಟ್ಟಿನದೇ ಎಂದು ಅಲ್ಲೇ ಹೆಕಾಟೆಯ ಇಎಂಎಂಸಿ ಮಾಹಿತಿ ಪರದೆ ತೆರೆದು ತಾಳೆ ನೋಡಿ. ಮಾರುವವರು ಖಾತೆಯಿಂದ ಸೆಟ್ಟನ್ನು ಬಿಡಿಸಿ, ಬ್ಯಾಕಪ್ಪಿನೊಳಗೂ ತಮ್ಮ ಖಾತೆ ಉಳಿದಿರುವುದರಿಂದ ಪಾಸ್‌ವರ್ಡ್ ಬದಲಿಸಿ, ಆಮೇಲೆ ಫೈಲನ್ನು ಕೊಂಡವರ ಪೆನ್‌ಡ್ರೈವಿಗೆ ಹಾಕಿಕೊಡಿ. ಬ್ಯಾಕಪ್ ಇಲ್ಲವೆಂದರೆ ಸೆಟ್ ಬೇಡವೆನ್ನಬೇಕಿಲ್ಲ. ಅಲ್ಲೇ ಕೂತು ಒಂದು ತೆಗೆಸಿ, ಅದು ಮುಗಿಯುವವರೆಗೆ ವೈಫೈ ಪಾಸ್‌ವರ್ಡ್ ಮಾತ್ರ ಹಾಕಬೇಡಿ.